ತವರಿನ ಹೆಸರೇ ಇಲ್ಲದ ಅಜ್ಜಿ: ಜಾರ್ಜಿಯಾದ ಹಳೆಯ ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಆಗಸ್ಟಾದ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಮದುವೆಯಾಗಿ ಸೇರಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಹಳೆಯ ಬಿಳಿಯ ಕುಟುಂಬವನ್ನು. ಬರುವ ಬೇಸಿಗೆಯಲ್ಲಿ ನಮ್ಮ ಅತ್ತೆಯ ಕಡೆಯವರೆಲ್ಲ ಒಂದೆಡೆ ಸೇರುವ ಕಾರ್ಯಕ್ರಮವಿದೆ. ಆ ಹೊತ್ತಿಗೆ ವಂಶವೃಕ್ಷವೊಂದನ್ನು ಸಿದ್ಧಪಡಿಸುವ ಕೆಲಸ, "ನಿನಗೆ ಹಳೆಯ ಕಾಗದವೆಂದರೆ ಇಷ್ಟವಲ್ಲವೇ" ಎಂಬ ಒಂದೇ ಮಾತಿನಲ್ಲಿ, ನನ್ನ ಪಾಲಿಗೆ ಬಂದಿದೆ.

ಗಂಡಸರ ಸಾಲು ಸುಲಭವಾಗಿ ಸಿಕ್ಕಿತು. ನಾನು ಸಿಕ್ಕಿಬಿದ್ದಿರುವುದು ಅತ್ತೆಯವರ ತಾತನ ಅಜ್ಜಿಯ ಬಳಿ. ಮನೆಯ ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆಗೂ ಹೊಸ ಒಡಂಬಡಿಕೆಗೂ ನಡುವೆ ಜನನ, ವಿವಾಹ, ಮರಣಗಳನ್ನು ಬರೆಯಲು ಬಿಟ್ಟಿರುವ ಹಾಳೆಗಳಲ್ಲಿ ಗಂಡನ ಹೆಸರು ಮನೆತನದ ಹೆಸರಿನೊಂದಿಗೆ ಪೂರ್ಣವಾಗಿದೆ, ಆರು ಮಕ್ಕಳ ಹೆಸರುಗಳಿವೆ, ಆದರೆ ಈಕೆಯದು ಕೇವಲ ಮೊದಲ ಹೆಸರು. ಮದುವೆಯಾದದ್ದು 1840ರ ದಶಕದ ಕೊನೆಯಲ್ಲಿ. 1850ರ ಜನಗಣತಿಯಲ್ಲಿ ಗಂಡನ ಹೆಸರಿನ ಕೆಳಗೆ 22 ವರ್ಷದವಳು, ಹುಟ್ಟಿದ್ದು ದಕ್ಷಿಣ ಕೆರೊಲಿನಾದಲ್ಲಿ ಎಂದಿದೆ. 1860ರಲ್ಲಿ 30, 1870ರಲ್ಲಿ 38. ಗಂಡ ಅಂತರ್ಯುದ್ಧದಲ್ಲಿ (1861ರಿಂದ 1865ರವರೆಗೆ ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದದ್ದು) ಸತ್ತರೆಂದು ಮನೆಯವರು ಹೇಳುತ್ತಾರೆ. ಅವರಿದ್ದ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ನ್ಯಾಯಾಲಯ ಸುಟ್ಟುಹೋಗಿದ್ದರಿಂದ ಮದುವೆಯ ಪರವಾನಗಿಯೂ ಇಲ್ಲ. ಈಕೆ ಯಾರ ಮಗಳು, ಎಲ್ಲಿಂದ ಬಂದಳು, ಕೊನೆಗೆ ಏನಾದಳು ಎಂಬುದು ಯಾರಿಗೂ ಗೊತ್ತಿಲ್ಲ. ಮನೆಯವರ ಇಚ್ಛೆಯಂತೆ ಹೆಸರುಗಳನ್ನೂ ಕೌಂಟಿಯನ್ನೂ ಇಲ್ಲಿ ಬರೆಯುತ್ತಿಲ್ಲ. ಇಂಥ ಹುಡುಕಾಟ ಮಾಡಿದವರು ದಯವಿಟ್ಟು ದಾರಿ ತೋರಿಸಿ.

ತುಂಗಾತೀರ

ವಂಶವೃಕ್ಷದ ಯಾವುದಾದರೂ ಜಾಲತಾಣದಲ್ಲಿ ಗಂಡನ ಹೆಸರು ಹಾಕಿದರೆ ಹೆಂಡತಿಯ ತವರೂ ಸಿಗುತ್ತದಲ್ಲವೇ?

ವಾದಕ್ಕೆ ಸಿದ್ಧ

ಸಿಗುತ್ತದೆ, ಅದೇ ತೊಂದರೆ. ಒಬ್ಬರು ಊಹೆಯಿಂದ ಒಂದು ಮನೆತನದ ಹೆಸರನ್ನು ಅಂಟಿಸುತ್ತಾರೆ, ಉಳಿದವರು ಅದನ್ನೇ ನಕಲು ಮಾಡಿಕೊಳ್ಳುತ್ತಾರೆ, ನೂರು ವೃಕ್ಷಗಳಲ್ಲಿ ಕಂಡದ್ದರಿಂದ ನೂರೊಂದನೆಯವರಿಗೆ ಅದು ಸತ್ಯವಾಗಿಬಿಡುತ್ತದೆ. ಹತ್ತು ವರ್ಷದವಳಿದ್ದಾಗಲೇ ಮಗು ಹೆತ್ತ ತಾಯಂದಿರನ್ನೂ, ಸತ್ತ ಮೇಲೆ ಮದುವೆಯಾದವರನ್ನೂ ನಾನು ಅಲ್ಲಿ ಕಂಡಿದ್ದೇನೆ. ಮೂಲ ದಾಖಲೆಯ ಚಿತ್ರವನ್ನು ಕಣ್ಣಾರೆ ನೋಡದೆ ಒಂದು ಅಕ್ಷರವನ್ನೂ ಒಪ್ಪಿಕೊಳ್ಳಬೇಡಿ.

ಹಳೆಕಡತ

ಸೊಸೆಯವರೇ, ಮೊದಲು ಜನಗಣತಿಯ ಸ್ವಭಾವವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆಯಾದರೂ 1840ರವರೆಗೆ ಹೆಸರು ಬರೆಯುತ್ತಿದ್ದುದು ಮನೆಯ ಯಜಮಾನನದು ಮಾತ್ರ. ಹೆಂಡತಿ, ಮಕ್ಕಳೆಲ್ಲ ವಯಸ್ಸಿನ ಅಂಕಣಗಳಲ್ಲಿ ಬರಿಯ ಸಂಖ್ಯೆ. ನಿಮ್ಮ ಅಜ್ಜಿ 1830ರಲ್ಲಿ, 1840ರಲ್ಲಿ ತನ್ನ ತಂದೆಯ ಮನೆಯಲ್ಲಿ ಅಂಥ ಒಂದು ಸಂಖ್ಯೆಯಾಗಿ ಕುಳಿತಿರುತ್ತಾಳೆ. ಸ್ವತಂತ್ರ ಜನರೆಲ್ಲರ ಹೆಸರನ್ನೂ ಬರೆದದ್ದು 1850ರಲ್ಲಿ ಮೊದಲು. ಮನೆಯ ಯಜಮಾನನಿಗೆ ಏನು ಸಂಬಂಧ ಎಂದು ಬರೆದದ್ದು 1880ರಲ್ಲಿ ಮೊದಲು. ತಂದೆ ತಾಯಿ ಹುಟ್ಟಿದ ರಾಜ್ಯದ ಹೆಸರೂ ಆ ಗಣತಿಯಲ್ಲಿದೆ. 1890ರ ಗಣತಿಯನ್ನು ಮರೆತುಬಿಡಿ: 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದು, ಸುಟ್ಟದ್ದು ಸುಟ್ಟು, ನೆನೆದದ್ದನ್ನು ಆಮೇಲೆ ಸರ್ಕಾರವೇ ನಾಶಪಡಿಸಿತು. ಹಾಗಾಗಿ 1880ಕ್ಕೂ 1900ಕ್ಕೂ ನಡುವಿನ ಇಪ್ಪತ್ತು ವರ್ಷಗಳಲ್ಲಿ ವಿಧವೆಯೊಬ್ಬಳು ಮಗಳ ಮನೆ ಸೇರಿದರೂ, ಮರುಮದುವೆಯಾದರೂ, ಸತ್ತರೂ ಗಣತಿಗೆ ಗೊತ್ತಾಗುವುದಿಲ್ಲ.

ಜನನ, ಮರಣದ ಸರ್ಕಾರಿ ನೋಂದಣಿಯನ್ನೂ ನೆಚ್ಚಬೇಡಿ. ರಾಜ್ಯಮಟ್ಟದ ನೋಂದಣಿ ದಕ್ಷಿಣ ಕೆರೊಲಿನಾದಲ್ಲಿ 1915ರಲ್ಲಿ, ಜಾರ್ಜಿಯಾದಲ್ಲಿ 1919ರಲ್ಲಿ ಶುರುವಾಯಿತು. ದಕ್ಷಿಣ ಕೆರೊಲಿನಾದಲ್ಲಂತೂ 1911ರವರೆಗೆ ಮದುವೆಗೆ ಪರವಾನಗಿಯೇ ಬೇಕಿರಲಿಲ್ಲ. ನ್ಯಾಯಾಲಯ ಉಳಿದಿದ್ದರೂ ಅಲ್ಲಿ ಮದುವೆಯ ಪುಸ್ತಕ ಇರುತ್ತಿರಲಿಲ್ಲ ಎಂದರ್ಥ.

ಬೈಬಲ್ಲಿನ ವಿಚಾರದಲ್ಲಿ ಒಂದು ಪ್ರಶ್ನೆ: ಅದು ಮುದ್ರಣವಾದ ವರ್ಷ ಯಾವುದು? ಬರವಣಿಗೆಯೆಲ್ಲ ಒಂದೇ ಕೈಯದೇ, ಒಂದೇ ಮಸಿಯದೇ?

ಆಗಸ್ಟಾದ ಸೊಸೆ

ಹಳೆಕಡತ ಸರ್, ಈಗಷ್ಟೇ ಮತ್ತೆ ತೆರೆದು ನೋಡಿದೆ. ಮುಖಪುಟದಲ್ಲಿ 1856 ಎಂದಿದೆ. ಮದುವೆ ಮತ್ತು ಮೊದಲ ನಾಲ್ಕು ಮಕ್ಕಳ ಸಾಲುಗಳು ಒಂದೇ ಕಂದು ಮಸಿಯಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಬಾರಿಗೆ ಕುಳಿತು ಬರೆದಂತೆ ನೇರವಾಗಿವೆ. ಕೊನೆಯ ಇಬ್ಬರು ಮಕ್ಕಳ ಸಾಲುಗಳು ಬೇರೆ ಬೇರೆ ಮಸಿಯಲ್ಲಿ ಸ್ವಲ್ಪ ಓರೆಯಾಗಿವೆ. ಈಕೆಯ ಮರಣದ ಸಾಲನ್ನು ಸೀಸದ ಕಡ್ಡಿಯಲ್ಲಿ ಯಾರೋ ಬರೆದು, ವರ್ಷವನ್ನು ಬಿಟ್ಟಿದ್ದಾರೆ. ತಿಂಗಳು, ತಾರೀಖು ಮಾತ್ರ ಇವೆ.

ಹಳೆಕಡತ

ಹಾಗಾದರೆ ಮೊದಲ ನಾಲ್ಕು ಮಕ್ಕಳ ಸಾಲುಗಳು ಹೆರಿಗೆಯಾದಾಗ ಬರೆದವಲ್ಲ, 1856ರಲ್ಲೋ ಆಮೇಲೋ ಪುಸ್ತಕ ಕೊಂಡವರು ನೆನಪಿನಿಂದ ಅಥವಾ ಹಳೆಯ ಹಾಳೆಯಿಂದ ನಕಲು ಮಾಡಿದವು. ಅಷ್ಟರೊಳಗೆ ಸತ್ತ ಕೂಸುಗಳು ಬಿಟ್ಟುಹೋಗಿರುವ ಸಾಧ್ಯತೆ ಇದೆ. ಕೊನೆಯ ಎರಡು ಸಾಲುಗಳಿಗೆ ಹೆಚ್ಚು ಬೆಲೆ ಕೊಡಿ.

ರಾಲಿಯ ರಾಯರು

ಉತ್ತರ ಕೆರೊಲಿನಾದಲ್ಲಿ ನೆಲೆಸಿರುವ ನಾನು ಬಿಡುವಿನಲ್ಲಿ ಇದೇ ಚಟದವನು. ಹೆಂಗಸನ್ನು ಹೆಂಗಸಿನ ಹೆಸರಿನಲ್ಲಿ ಹುಡುಕಿದರೆ ಆ ಕಾಲದಲ್ಲಿ ಸಿಗುವುದು ಅಪರೂಪ. ಮದುವೆಯಾದ ಕೂಡಲೇ ಅವಳ ಕಾನೂನುಬದ್ಧ ವ್ಯಕ್ತಿತ್ವ ಗಂಡನದರಲ್ಲಿ ಸೇರಿಹೋಗುತ್ತಿತ್ತು. ಅವಳು ತಂದ ಚರ ಆಸ್ತಿ ಗಂಡನದೇ, ತನ್ನ ಹೆಸರಿನಲ್ಲಿ ಕರಾರು ಮಾಡುವಂತಿರಲಿಲ್ಲ. ವಿವಾಹಿತೆಗೆ ಆಸ್ತಿಯ ಹಕ್ಕನ್ನು ಮೊದಲಿಗೆ ಒಂದಿಷ್ಟಾದರೂ ಕೊಟ್ಟದ್ದು 1839ರ ಮಿಸಿಸಿಪ್ಪಿಯ ಕಾಯಿದೆ. ಜಾರ್ಜಿಯಾದಲ್ಲಿ ಅದು ಯುದ್ಧ ಮುಗಿದ ಮೇಲೆ ಬಂತು. ಆದ್ದರಿಂದ ಆಸ್ತಿ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವ ಗಳಿಗೆಗಳನ್ನು ಹಿಡಿಯಬೇಕು: ತಂದೆಯ ಸಾವು, ಮದುವೆ, ಜಮೀನಿನ ಮಾರಾಟ, ಗಂಡನ ಸಾವು. ಆಗ ಮಾತ್ರ ಗುಮಾಸ್ತನಿಗೆ ಅವಳ ಹೆಸರಿನ ಅಗತ್ಯ ಬೀಳುತ್ತಿತ್ತು.

ಉದಾಹರಣೆಗೆ, ಗಂಡ ಜಮೀನು ಮಾರಿದಾಗ ಮುಂದೆ ವಿಧವೆಯಾದರೆ ಅದರಲ್ಲಿ ಸಿಗಬೇಕಾದ ಮೂರನೇ ಒಂದು ಪಾಲಿನ ಹಕ್ಕನ್ನು ಹೆಂಡತಿ ಬಿಟ್ಟುಕೊಡಬೇಕಾಗಿತ್ತು. ದಕ್ಷಿಣ ಕೆರೊಲಿನಾದ ಕ್ರಯಪತ್ರಗಳ ಕೊನೆಯಲ್ಲಿ, ಅಧಿಕಾರಿಯೊಬ್ಬ ಆಕೆಯನ್ನು ಗಂಡನಿಲ್ಲದಾಗ ಪ್ರತ್ಯೇಕವಾಗಿ ವಿಚಾರಿಸಿ, ಯಾರ ಒತ್ತಾಯವೂ ಅಂಜಿಕೆಯೂ ಇಲ್ಲದೆ ಒಪ್ಪಿದಳೆಂದು ಬರೆದ ಟಿಪ್ಪಣಿ ಇರುತ್ತದೆ. ಅಕ್ಷರ ಬಾರದವಳಾದರೆ ಹೆಸರಿನ ಮಧ್ಯೆ ಒಂದು ಅಡ್ಡಗೀಟಿನ ಗುರುತು. ನಿಜವಾಗಿ ಅಂಜಿಕೆ ಇತ್ತೋ ಇಲ್ಲವೋ ದೇವರೇ ಬಲ್ಲ, ಹೆಸರಂತೂ ಉಳಿದಿದೆ.

ಅದಕ್ಕಿಂತ ಒಳ್ಳೆಯದು ತಂದೆಯ ಆಸ್ತಿಯ ವಿಭಾಗ. ಉಯಿಲಿಲ್ಲದೆ ಸತ್ತವರ ಮಕ್ಕಳು ಪಾಲಿಗಾಗಿ ಈಕ್ವಿಟಿ ನ್ಯಾಯಾಲಯಕ್ಕೆ ಹೋದಾಗ, ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳನ್ನೂ ಅಳಿಯಂದಿರನ್ನೂ ಹೆಸರು ಹಿಡಿದು, ಈಗ ಯಾವ ರಾಜ್ಯದಲ್ಲಿದ್ದಾರೆಂಬುದನ್ನೂ ಸೇರಿಸಿ, ಕಕ್ಷಿದಾರರನ್ನಾಗಿ ಮಾಡಲೇಬೇಕಿತ್ತು. ಜಾರ್ಜಿಯಾದ ಅಂಚಿಗೇ ಇರುವ, ದಕ್ಷಿಣ ಕೆರೊಲಿನಾದ ಎಡ್ಜ್‌ಫೀಲ್ಡ್‌ನ ಕಡತಗಳು ಬಹುಮಟ್ಟಿಗೆ ಉಳಿದಿವೆ. ಸವನ್ನಾ ನದಿ ದಾಟಿದರೆ ನಿಮ್ಮ ಆಗಸ್ಟಾ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ತುಂಗಾತೀರ

ಕೌಂಟಿಯ ನ್ಯಾಯಾಲಯವನ್ನು ಸುಟ್ಟದ್ದು ಅಂತರ್ಯುದ್ಧದಲ್ಲಿ ಉತ್ತರದವರ ಸೇನಾಪತಿಯಾಗಿದ್ದ ಜನರಲ್ ಶರ್ಮನ್ ತಾನೇ? ಜಾರ್ಜಿಯಾವನ್ನೇ ಸುಟ್ಟುಕೊಂಡು ಹೋದರೆಂದು ಓದಿದ ನೆನಪು.

ವಾದಕ್ಕೆ ಸಿದ್ಧ

ದಕ್ಷಿಣದ ಯಾರ ಮನೆಯಲ್ಲಿ ಕೇಳಿದರೂ ಕಳೆದುಹೋದ ಕಾಗದವನ್ನೆಲ್ಲ ಸುಟ್ಟವನು ಶರ್ಮನ್ನನೇ. ಅವನ ಸೈನ್ಯ ಅಟ್ಲಾಂಟಾದಿಂದ ಹೊರಟದ್ದು 1864ರ ನವೆಂಬರಿನಲ್ಲಿ, ಸವನ್ನಾ ತಲುಪಿದ್ದು ಡಿಸೆಂಬರಿನಲ್ಲಿ. ಆ ದಾರಿಯಲ್ಲಿ ಇಲ್ಲದ ಕೌಂಟಿಗಳೂ ಅವನ ಹೆಸರನ್ನೇ ಹೇಳುತ್ತವೆ. ಅಡುಗೆಯ ಒಲೆ, ದೀಪ, ಸಿಡಿಲು, ಲೆಕ್ಕ ತಪ್ಪಿಸಿದ ಗುಮಾಸ್ತ, ಇವರೆಲ್ಲರೂ ನ್ಯಾಯಾಲಯಗಳನ್ನು ಸುಟ್ಟಿದ್ದಾರೆ. ಸೊಸೆಯವರು ಬೆಂಕಿ ಬಿದ್ದ ವರ್ಷವನ್ನು ಮೊದಲು ಖಚಿತಪಡಿಸಿಕೊಳ್ಳಲಿ, ಏಕೆಂದರೆ ಆ ವರ್ಷದ ನಂತರದ ಪುಸ್ತಕಗಳು ಇದ್ದೇ ಇರುತ್ತವೆ.

ಆಗಸ್ಟಾದ ಸೊಸೆ

ನಮ್ಮ ಕೌಂಟಿಯ ಬೆಂಕಿ ಯುದ್ಧಕ್ಕೆ ಮೊದಲಿನದು ಎಂದು ಕೌಂಟಿಯ ಕಚೇರಿಯವರೇ ಹೇಳಿದರು. ಅತ್ತೆಯವರಿಗೆ ತಿಳಿಸಿದೆ; "ಹಾಗೆಂದು ನಿನಗೆ ಯಾರು ಹೇಳಿದರು" ಎಂದರು. ಶರ್ಮನ್ನನನ್ನು ಅವರು ಬಿಟ್ಟುಕೊಡುವ ಹಾಗೆ ಕಾಣುವುದಿಲ್ಲ.

ಕಡತಪ್ರಿಯೆ

ಅಕ್ಕಾ, ಬೆಂಕಿ ಮೊದಲೇ ಬಿದ್ದಿದ್ದರೆ ನಿಮ್ಮ ಅದೃಷ್ಟ. ಗಂಡ ಸತ್ತದ್ದು ಯುದ್ಧದಲ್ಲಿ ತಾನೇ? ಹಾಗಾದರೆ ಜಾರ್ಜಿಯಾದಲ್ಲಿ ಉಯಿಲು, ವಾರಸಿಕೆಗಳನ್ನು ನೋಡುತ್ತಿದ್ದ ಆರ್ಡಿನರಿ ನ್ಯಾಯಾಲಯದಲ್ಲಿ ಗಂಡನ ಆಸ್ತಿಯ ಕಡತ ಇರಬೇಕು. ವಿಧವೆಗೂ ಚಿಕ್ಕ ಮಕ್ಕಳಿಗೂ ಒಂದು ವರ್ಷದ ಜೀವನಾಂಶವೆಂದು ಎತ್ತಿಟ್ಟ ಸಾಮಾನಿನ ಪಟ್ಟಿ ಅದರಲ್ಲಿರುತ್ತದೆ: ಎಷ್ಟು ಜೋಳ, ಎಷ್ಟು ಹಂದಿಮಾಂಸ, ಯಾವ ಹಸು, ಎಷ್ಟು ಹಾಸಿಗೆ. ಒಬ್ಬ ಹೆಂಗಸಿನ ಅಡುಗೆಮನೆಯನ್ನು ಇಷ್ಟು ಹತ್ತಿರದಿಂದ ಬೇರೆ ಯಾವ ದಾಖಲೆಯೂ ತೋರಿಸುವುದಿಲ್ಲ. ಯುದ್ಧದ ಸಮಯದಲ್ಲಿ ಉಪ್ಪಿಗೆ ಬರ ಬಂದಾಗ, 1862ರಿಂದ 1864ರವರೆಗೆ, ಸೈನಿಕರ ಬಡ ಕುಟುಂಬಗಳಿಗೂ ವಿಧವೆಯರಿಗೂ ಹಂಚಲು ಕೌಂಟಿವಾರು ಮಾಡಿದ ಉಪ್ಪಿನ ಪಟ್ಟಿಗಳಿವೆ. ಮಾಂಸವನ್ನು ಕೆಡದಂತೆ ಇಡಲು ಉಪ್ಪಿಲ್ಲದಿದ್ದರೆ ಚಳಿಗಾಲ ಕಳೆಯುವುದೇ ಕಷ್ಟವಾಗಿತ್ತು.

ಮಕ್ಕಳ ನಡುಹೆಸರುಗಳನ್ನು ನೋಡಿದ್ದೀರಾ? ತಾಯಿಯ ತವರಿನ ಮನೆತನದ ಹೆಸರನ್ನೇ ಮಗನಿಗೆ, ಕೆಲವೊಮ್ಮೆ ಮಗಳಿಗೂ, ಇಡುವುದು ದಕ್ಷಿಣದಲ್ಲಿ ಬಹಳ ಸಾಮಾನ್ಯ. ಅಡ್ಡಹೆಸರುಗಳ ಮೇಲೂ ಕಣ್ಣಿರಲಿ: ಮಾರ್ತಾ ಎಂಬವಳು ಪ್ಯಾಟ್ಸಿ ಆಗಿರುತ್ತಾಳೆ, ಮೇರಿ ಪಾಲಿ ಆಗಿರುತ್ತಾಳೆ, ಸಾರಾ ಸ್ಯಾಲಿ ಆಗಿರುತ್ತಾಳೆ. 1900ರ ಗಣತಿಯನ್ನಂತೂ ಬಿಡಲೇಬೇಡಿ. ಹುಟ್ಟಿದ ತಿಂಗಳು ಮತ್ತು ವರ್ಷ, ಎಷ್ಟು ಮಕ್ಕಳನ್ನು ಹೆತ್ತಳು, ಈಗ ಎಷ್ಟು ಮಂದಿ ಬದುಕಿದ್ದಾರೆ ಎಂಬ ಪ್ರಶ್ನೆಗಳು ಅದರಲ್ಲಿವೆ.

ಮಂಡ್ಯದ ಮೇಷ್ಟ್ರು

ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ತಲೆಮಾರುಗಳನ್ನು ಬಾಯಲ್ಲೇ ಒಪ್ಪಿಸುತ್ತಿದ್ದರು. ಅಮೆರಿಕದವರಿಗೆ ಇಷ್ಟೆಲ್ಲ ಕಾಗದ ಇದ್ದೂ ಅಜ್ಜಿಯ ಹೆಸರು ಗೊತ್ತಿಲ್ಲವೆಂದರೆ ಸೋಜಿಗ.

ಕಡತಪ್ರಿಯೆ

ಮೇಷ್ಟ್ರೇ, ನಿಮ್ಮ ತಾತನ ಅಜ್ಜಿಯ ಹೆಸರು ಹೇಳಿ ನೋಡೋಣ.

ಮಂಡ್ಯದ ಮೇಷ್ಟ್ರು

ಕೇಳಿ ಹೇಳುತ್ತೇನೆ.

ನಿರ್ವಾಹಕರು

ಹೆಳವರ ಬಗ್ಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಮೇಷ್ಟ್ರ ಉತ್ತರಕ್ಕೆ ಅಲ್ಲಿ ಎಲ್ಲರೂ ಕಾಯುತ್ತಿರುತ್ತೇವೆ.

ಆಗಸ್ಟಾದ ಸೊಸೆ

ಸುದ್ದಿ ಇದೆ. 1880ರಲ್ಲಿ ಪಕ್ಕದ ಕೌಂಟಿಯಲ್ಲಿ ಅಳಿಯನ ಮನೆಯಲ್ಲಿ, "ಅತ್ತೆ" ಎಂಬ ಸಂಬಂಧದೊಂದಿಗೆ ಸಿಕ್ಕಳು. ವಯಸ್ಸು 52 ಎಂದಿದೆ. 1900ರಲ್ಲೂ ಅದೇ ಮನೆಯಲ್ಲಿದ್ದಾಳೆ. ಹೆತ್ತ ಮಕ್ಕಳು ಎಂಟು, ಬದುಕಿರುವವರು ಮೂರು. ಬೈಬಲ್ಲಿನಲ್ಲಿ ಇರುವುದು ಆರೇ. ಹಳೆಕಡತ ಸರ್ ಹೇಳಿದಂತೆ ಇಬ್ಬರು ಬರೆಯುವ ಮೊದಲೇ ಹೋಗಿದ್ದಾರೆ. ಮೂರನೆಯ ಮಗನ ನಡುಹೆಸರು ಒಂದು ಮನೆತನದ ಹೆಸರಿನಂತಿದೆ, ಅದು ಈ ಕುಟುಂಬದಲ್ಲಿ ಬೇರೆ ಯಾರಿಗೂ ಇಲ್ಲ.

ಹಳೆಕಡತ

ಆ ಇಬ್ಬರಲ್ಲಿ ಒಬ್ಬರು 1850ರ ಮರಣಪಟ್ಟಿಯಲ್ಲಿ ಸಿಗಬಹುದು. 1850ರಿಂದ 1880ರವರೆಗಿನ ಗಣತಿಗಳ ಜೊತೆಗೆ, ಜೂನ್ 1ಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರ ಹೆಸರು, ವಯಸ್ಸು, ಸಾವಿನ ಕಾರಣಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ಹತ್ತು ವರ್ಷದಲ್ಲಿ ಒಂದೇ ವರ್ಷದ ಸಾವುಗಳಾದ್ದರಿಂದ ಸಿಗುವ ಸಂಭವ ಕಡಿಮೆ, ಆದರೂ ನೋಡಿ.

ರಾಲಿಯ ರಾಯರು

ಆ ನಡುಹೆಸರನ್ನು ಹಿಡಿದು ಎಡ್ಜ್‌ಫೀಲ್ಡ್‌ಗೆ ಹೋಗಿ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ನಡೆಸುವ ಫ್ಯಾಮಿಲಿಸರ್ಚ್ ಉಚಿತವಾಗಿದೆ. 2024ರಿಂದ ಅವರು ಹಳೆಯ ಕೈಬರಹವನ್ನು ಯಂತ್ರದಿಂದ ಓದಿಸಿ, ಪೂರ್ತಿ ಪಠ್ಯದೊಳಗೆ ಹುಡುಕುವ ಸೌಲಭ್ಯ ಕೊಟ್ಟಿದ್ದಾರೆ; ಭೂಮಿ ಮತ್ತು ಉಯಿಲಿನ ಕಡತಗಳಿಂದಲೇ ಅದನ್ನು ಶುರು ಮಾಡಿದರು. ಹಳೆಯ ಸೂಚಿಗಳಲ್ಲಿ ಕೊಟ್ಟವನ, ಕೊಂಡವನ ಹೆಸರುಗಳಷ್ಟೇ ಇರುತ್ತಿದ್ದವು. ಈಗ ಪತ್ರದ ಹೊಟ್ಟೆಯೊಳಗೆ ಬರುವ ಮಗಳ ಹೆಸರು, ಸಾಕ್ಷಿಯ ಹೆಸರು ಎಲ್ಲವೂ ಸಿಗುತ್ತದೆ. ಹೆಂಗಸರ ಹುಡುಕಾಟಕ್ಕೆ ಇದು ತಂದಷ್ಟು ಬದಲಾವಣೆ ಇನ್ಯಾವುದೂ ತಂದಿಲ್ಲವೆಂದು ನನ್ನ ಅನಿಸಿಕೆ. ಆ ಕಾಲದ ಬರಹದಲ್ಲಿ ಎರಡು "ಎಸ್" ಒಟ್ಟಿಗೆ ಬಂದರೆ ಮೊದಲನೆಯದು "ಎಫ್"ನಂತೆ ಕಾಣುತ್ತದೆ, ಯಂತ್ರವೂ ಅಲ್ಲಿ ಎಡವುತ್ತದೆ.

ಆಗಸ್ಟಾದ ಸೊಸೆ

ಸಿಕ್ಕಿತು. ಎಡ್ಜ್‌ಫೀಲ್ಡ್‌ನ ಈಕ್ವಿಟಿ ನ್ಯಾಯಾಲಯದ ವಿಭಾಗದ ದಾವೆ, ಇವರ ಮದುವೆಯಾದ ಕೆಲವು ವರ್ಷಗಳ ನಂತರದ್ದು. ಸತ್ತ ತಂದೆಯ ಮನೆತನದ ಹೆಸರು ನಮ್ಮ ಮೂರನೆಯ ಮಗನ ನಡುಹೆಸರೇ. ವಾರಸುದಾರರ ಸಾಲಿನಲ್ಲಿ "ಜಾರ್ಜಿಯಾ ರಾಜ್ಯದಲ್ಲಿ ವಾಸಿಸುವ" ಎಂದು ಅಜ್ಜಿಯ ಗಂಡನ ಪೂರ್ಣ ಹೆಸರು, ಅದರ ಮುಂದೆ "ಮತ್ತು ಅವನ ಹೆಂಡತಿ" ಎಂದು ಇವಳ ಹೆಸರು. ಅತ್ತೆಯವರು ಪರದೆಯ ಮೇಲೆ ಬೆರಳಿಟ್ಟು ಓದಿಸಿಕೊಂಡರು.

ಆಮೇಲೆ ಮುಂದಿನ ಪುಟ ತೆರೆದೆವು. ಪಾಲು ಮಾಡಿದ ಆಸ್ತಿಯ ಪಟ್ಟಿ. ಮೊದಲು ಜಮೀನು, ಆಮೇಲೆ ಹೇಸರಗತ್ತೆಗಳು, ಆಮೇಲೆ ಜನರು. ಹೆಸರು, ಅಂದಾಜು ವಯಸ್ಸು, ಎದುರಿಗೆ ಡಾಲರಿನಲ್ಲಿ ಬೆಲೆ. ಅಜ್ಜಿಯ ಪಾಲಿಗೆ ಬಂದದ್ದು ಹನ್ನೆರಡು ವರ್ಷದ ಒಬ್ಬ ಹುಡುಗಿ. ಅವಳ ತಾಯಿ ಎಂದು ಕಾಣುವ ಹೆಂಗಸು ಮತ್ತು ಒಂದು ಎಳೆಗೂಸು ಬೇರೊಬ್ಬ ಮಗನ ಪಾಲಿಗೆ ಹೋಗಿದ್ದಾರೆ. ಅತ್ತೆಯವರು "ಸಾಕು, ನಮಗೆ ಬೇಕಾದ್ದು ಸಿಕ್ಕಿತಲ್ಲ" ಎಂದು ಎದ್ದು ಹೋದರು.

ಚಾರ್ಲಟ್ ಕನ್ನಡತಿ

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ತವರಿನ ಹೆಸರಿಲ್ಲವೆಂದು ಒಬ್ಬಳಿಗಾಗಿ ನಾವೆಲ್ಲ ಇಷ್ಟು ಮರುಗಿದೆವು. ಅದೇ ಮನೆಯಲ್ಲಿದ್ದ ಇನ್ನೊಬ್ಬಳಿಗೆ 1850ರ, 1860ರ ಗಣತಿಗಳಲ್ಲಿ ಮೊದಲ ಹೆಸರೂ ಇಲ್ಲ. ಗುಲಾಮರ ಪ್ರತ್ಯೇಕ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ; 1860ರಲ್ಲಿ ಅವರಿಗಿದ್ದ ಗುಡಿಸಲುಗಳ ಸಂಖ್ಯೆ ಬೇರೆ. ಆ ವರ್ಷ ಜಾರ್ಜಿಯಾ ಒಂದರಲ್ಲೇ 4,62,198 ಮಂದಿಯನ್ನು ಹೀಗೆ ಎಣಿಸಿದ್ದಾರೆ. ಆ ಹುಡುಗಿಯ ಹೆಸರು ಈಗ ನಿಮ್ಮ ಕೈಯಲ್ಲಿದೆ. ಅವಳ ಮೊಮ್ಮಕ್ಕಳ ಮೊಮ್ಮಕ್ಕಳು ಎಲ್ಲೋ ಕುಳಿತು ಇದೇ ಹುಡುಕಾಟ ಮಾಡುತ್ತಿರಬಹುದು. ಅವರಿಗೆ ಬೇಕಾದ ಕಾಗದ ಸಿಗುವುದು ನಿಮ್ಮ ಅತ್ತೆಯವರ ಕಡೆಯ ಕಡತದಲ್ಲಿ ಮಾತ್ರ. "ಸಾಕು" ಎನ್ನುವ ಹಕ್ಕು ಅವರಿಗಿಲ್ಲ ಎಂದೇ ನಾನು ಹೇಳುತ್ತೇನೆ.

ತುಂಗಾತೀರ

ಸ್ವಲ್ಪ ನಿಧಾನ. ಸೊಸೆಯವರು ಕೇಳಿದ್ದು ಒಬ್ಬ ಅಜ್ಜಿಯ ತವರನ್ನು, ಅದು ಸಿಕ್ಕಿದೆ. ಮಗಳಾಗಿ ಅವಳು ಆಯ್ಕೆ ಮಾಡಿದ ವಿಭಾಗವಲ್ಲ ಅದು, ಅವಳಿಗೆ ಅಲ್ಲಿ ಮಾತೇ ಇರಲಿಲ್ಲವೆಂದು ರಾಯರೇ ಬರೆದಿದ್ದಾರೆ. ಪರದೇಶದಲ್ಲಿ ಅತ್ತೆಯ ಮನೆಯಲ್ಲಿ ಬಾಳುವ ಹೆಣ್ಣುಮಗಳಿಗೆ ನಾವು ಇಲ್ಲಿ ಕುಳಿತು ಜಗಳ ಹಚ್ಚಿಕೊಡುವುದು ಬೇಡ.

ರಾಲಿಯ ರಾಯರು

ಮಾತಿರಲಿಲ್ಲ ಎಂದದ್ದು ನಿಜ, ಲಾಭವಿರಲಿಲ್ಲ ಎಂದು ನಾನು ಬರೆದಿಲ್ಲ. ಮದುವೆಗೆ ಮೊದಲು ಮಾಡಿಕೊಳ್ಳುವ ಆಸ್ತಿಯ ಕರಾರುಗಳನ್ನು ದಕ್ಷಿಣ ಕೆರೊಲಿನಾದ ರಾಜ್ಯ ಪತ್ರಾಗಾರದಲ್ಲಿ ಓದಿದ್ದೇನೆ. ಹೆಣ್ಣಿನ ಆಸ್ತಿಯನ್ನು ಗಂಡನ ಸಾಲಗಾರರಿಂದ ಕಾಪಾಡಲು ಧರ್ಮದರ್ಶಿಯ ಹೆಸರಿನಲ್ಲಿ ಇಡುತ್ತಿದ್ದರು, ಮತ್ತು ಆ ಆಸ್ತಿ ಎಷ್ಟೋ ಸಲ ಗುಲಾಮ ಹೆಂಗಸರು ಮತ್ತು "ಅವರಿಗೆ ಮುಂದೆ ಹುಟ್ಟುವ ಸಂತಾನ". ಆ ಕಾಲದ ಬಿಳಿಯ ಹೆಣ್ಣಿಗೆ ತನ್ನದೆಂದು ಹೇಳಿಕೊಳ್ಳಲು ಕಾನೂನು ಏನನ್ನಾದರೂ ಬಿಟ್ಟಿದ್ದರೆ ಅದು ಹೆಚ್ಚಾಗಿ ಇನ್ನೊಂದು ಹೆಣ್ಣನ್ನೇ.

ವಾದಕ್ಕೆ ಸಿದ್ಧ

ರಾಯರ ಮಾತಿಗೆ ಒಂದು ನಿಜವಾದ ಪ್ರಕರಣವನ್ನು ಸೇರಿಸುತ್ತೇನೆ. ಉತ್ತರ ಕೆರೊಲಿನಾದ ಈಡೆಂಟನ್ ಊರಿನಲ್ಲಿ 1813ರಲ್ಲಿ ಹುಟ್ಟಿದ ಹ್ಯಾರಿಯೆಟ್ ಜೇಕಬ್ಸ್‌ಗೆ ಓದು ಕಲಿಸಿದವಳು ಅವಳ ಒಡತಿ ಮಾರ್ಗರೆಟ್ ಹಾರ್ನಿಬ್ಲೋ. ಅದೇ ಒಡತಿ 1825ರಲ್ಲಿ ಸತ್ತಾಗ ಉಯಿಲಿನ ಪುರವಣಿಯ ಮೂಲಕ ಹ್ಯಾರಿಯೆಟ್ ಮೂರು ವರ್ಷದ ಮಗುವೊಂದರ ಆಸ್ತಿಯಾದಳು. ಮಗು ಡಾಕ್ಟರ್ ನಾರ್ಕಮ್‌ನ ಮಗಳು. ಆ ಪುರವಣಿಗೆ ಒಡತಿಯ ಸಹಿ ಇಲ್ಲ, ಸಾಕ್ಷಿಯಾಗಿ ಸಹಿ ಹಾಕಿದವರಲ್ಲಿ ನಾರ್ಕಮ್ಮನೇ ಒಬ್ಬ. ಅವನ ಕಾಟ ತಾಳಲಾರದೆ ಹ್ಯಾರಿಯೆಟ್ ತನ್ನ ಅಜ್ಜಿಯ ಮನೆಯ ಅಟ್ಟದಲ್ಲಿ, ಒಂಬತ್ತು ಅಡಿ ಉದ್ದ ಏಳು ಅಡಿ ಅಗಲದ, ಎದ್ದು ನಿಲ್ಲಲೂ ಆಗದ ಸಂದಿಯಲ್ಲಿ ಸುಮಾರು ಏಳು ವರ್ಷ ಅಡಗಿದ್ದು, 1842ರಲ್ಲಿ ಉತ್ತರಕ್ಕೆ ತಪ್ಪಿಸಿಕೊಂಡಳು. 1861ರಲ್ಲಿ ಬೇರೆ ಹೆಸರಿನಲ್ಲಿ ತನ್ನ ಕಥೆಯನ್ನು ಅಚ್ಚು ಹಾಕಿಸಿದಾಗ, ಮತ್ತು ಆಮೇಲೆ ನೂರಕ್ಕೂ ಹೆಚ್ಚು ವರ್ಷ, ಅದು ಬಿಳಿಯ ಸಂಪಾದಕಿಯ ಕಟ್ಟುಕಥೆಯೆಂದು ಹಲವು ವಿದ್ವಾಂಸರು ತಳ್ಳಿಹಾಕಿದರು. 1980ರ ದಶಕದಲ್ಲಿ ಸಂಶೋಧಕಿ ಜೀನ್ ಫೇಗನ್ ಯೆಲಿನ್ ಅದನ್ನು ನಿಜವೆಂದು ಸಾಧಿಸಿದ್ದು ಎಂಥ ಕಾಗದಗಳಿಂದ ಎನ್ನುತ್ತೀರಿ? ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ಅವಳ ಸ್ನೇಹಿತರಾಗಿದ್ದ ಪೋಸ್ಟ್ ಕುಟುಂಬದ ಪತ್ರಗಳಿಂದ, ನಾರ್ಕಮ್ ಕುಟುಂಬ ಕಾಪಾಡಿಟ್ಟ ಕಡತಗಳಿಂದ, ಅವಳನ್ನು ಹಿಡಿದುಕೊಟ್ಟವರಿಗೆ 100 ಡಾಲರ್ ಎಂದು ನಾರ್ಕಮ್ 1835ರಲ್ಲಿ ಕೊಟ್ಟ ಪತ್ರಿಕಾ ಜಾಹೀರಾತಿನಿಂದ. ಹಿಂಸಿಸಿದವನ ಮನೆಯ ಪೆಟ್ಟಿಗೆಯೇ ಅವಳ ಪರವಾಗಿ ಸಾಕ್ಷಿ ಹೇಳಿತು. ಆದ್ದರಿಂದ ತುಂಗಾತೀರ ಅವರೇ, ಕುಟುಂಬದ ಕಾಗದ ಕುಟುಂಬದ್ದು ಮಾತ್ರ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ತುಂಗಾತೀರ

ಜೇಕಬ್ಸ್ ತಾನೇ ಬರೆದಳು, ತನ್ನ ಕಥೆಯನ್ನು ಹೇಳಬೇಕೆಂದು ತೀರ್ಮಾನಿಸಿದವಳು ಅವಳು. ಈ ಹನ್ನೆರಡರ ಹುಡುಗಿ ಹಾಗೆ ಕೇಳಿಲ್ಲ. ಅವಳ ಬೆಲೆಯ ಸಮೇತ ಚಿತ್ರವನ್ನು ಬೇಸಿಗೆಯ ಊಟದ ಮೇಜಿನ ಮೇಲೆ ಹರಡುವುದು ಅವಳಿಗೆ ಮರ್ಯಾದೆಯೇ? ನನ್ನ ಪ್ರಶ್ನೆ ಅಷ್ಟೇ.

ಚಾರ್ಲಟ್ ಕನ್ನಡತಿ

ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳಬೇಕಾದವರು ಅವಳ ಸಂತತಿಯವರು, ನೀವೂ ಅಲ್ಲ ನಾನೂ ಅಲ್ಲ. ಅದಕ್ಕೇ ಅವರನ್ನು ಹುಡುಕಬೇಕು ಎನ್ನುವುದು.

ಹಳೆಕಡತ

ಜಗಳ ಚೆನ್ನಾಗಿದೆ, ನಾನು ಕೆಲಸದ ಮಾತಿಗೆ ಬರುತ್ತೇನೆ. ಬಿಡುಗಡೆಯಾದವರ ಹೆಸರುಗಳು ಗಣತಿಯಲ್ಲಿ ಎಲ್ಲರ ಜೊತೆ ಬರುವುದು 1870ರಲ್ಲಿ. ಆ ಹುಡುಗಿ ಆಗ ಮೂವತ್ತರ ಆಸುಪಾಸಿನವಳು. ಮನೆತನದ ಹೆಸರು ಕೊನೆಯ ಒಡೆಯನದೇ ಆಗಿರಬೇಕೆಂದಿಲ್ಲ, ತಂದೆಯದೋ ಹಿಂದಿನ ಒಡೆಯನದೋ ಆಗಿರಬಹುದು, ಮದುವೆಯಾಗಿದ್ದರೆ ಗಂಡನದು. ಅಜ್ಜಿಯ 1870ರ ಪುಟವನ್ನೂ ಅದರ ಹಿಂದು ಮುಂದಿನ ಪುಟಗಳನ್ನೂ ಮನೆ ಮನೆಯಾಗಿ ಓದಿ. ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದ, ಆ ವಯಸ್ಸಿನ, ಆ ಮೊದಲ ಹೆಸರಿನ ಕಪ್ಪು ಹೆಂಗಸು ಇದ್ದಾಳೆಯೇ ಎಂದು ನೋಡಿ. ಜೊತೆಗೆ, ಬಿಡುಗಡೆಯಾದವರ ನೆರವಿಗೆಂದು 1865ರಲ್ಲಿ ಹುಟ್ಟಿದ ಸರ್ಕಾರಿ ಕಚೇರಿಯಾದ ಫ್ರೀಡ್‌ಮೆನ್ಸ್ ಬ್ಯೂರೋದ ಕೂಲಿ ಕರಾರುಗಳು. ಅವುಗಳ ಹೆಸರುಗಳ ಸೂಚಿಯನ್ನು ಸ್ವಯಂಸೇವಕರು 2016ರಲ್ಲಿ ಮುಗಿಸಿದ್ದಾರೆ.

ಆಗಸ್ಟಾದ ಸೊಸೆ

ಹಳೆಕಡತ ಸರ್, ಅಜ್ಜಿಯ ಮನೆಯಿಂದ ಮೂರನೆಯ ಮನೆ. ಅದೇ ಮೊದಲ ಹೆಸರು, ವಯಸ್ಸು 30, ಹುಟ್ಟಿದ್ದು ದಕ್ಷಿಣ ಕೆರೊಲಿನಾ, ಗಂಡ ಹೊಲದ ಕೂಲಿ, ನಾಲ್ಕು ಮಕ್ಕಳು. ಎಂಟು ತಿಂಗಳ ಕೂಸಿನ ಮೊದಲ ಹೆಸರು, ಎಡ್ಜ್‌ಫೀಲ್ಡ್‌ನ ಪಟ್ಟಿಯಲ್ಲಿ ಬೇರೆಯವರ ಪಾಲಿಗೆ ಹೋದ ಆ ಹೆಂಗಸಿನದೇ.

ವಾದಕ್ಕೆ ಸಿದ್ಧ

ಬಲವಾದ ಸುಳಿವು, ಪುರಾವೆಯಲ್ಲ. ಆ ಮೊದಲ ಹೆಸರು ಆ ಕೌಂಟಿಯಲ್ಲಿ ಎಷ್ಟು ಮಂದಿಗಿತ್ತೆಂದು ಎಣಿಸಿದಿರಾ?

ಆಗಸ್ಟಾದ ಸೊಸೆ

ಆ ಪ್ರದೇಶದ ಪುಟಗಳಲ್ಲಿ ಹೊಂದುವ ವಯಸ್ಸಿನವಳು ಇವಳೊಬ್ಬಳೇ. ಇಡೀ ಕೌಂಟಿಯನ್ನು ಇನ್ನೂ ನೋಡಬೇಕು. ವೃಕ್ಷದಲ್ಲಿ ಈ ಮನೆಯನ್ನು ಚುಕ್ಕೆಗೆರೆಯಲ್ಲಿ ಬರೆದಿದ್ದೇನೆ. ಅತ್ತೆಯವರು ನೋಡಿ, "ಇದು ನಮ್ಮ ವೃಕ್ಷ" ಎಂದರು. "ಕಾಗದ ಒಂದೇ" ಎಂದೆ. ಇನ್ನೂ ಇತ್ಯರ್ಥವಾಗಿಲ್ಲ, ಮಾತು ಮುಂದುವರಿದಿದೆ.

ಕಡತಪ್ರಿಯೆ

ಅಕ್ಕಾ, ಎರಡು ಕೆಲಸ ಬಾಕಿ ಇವೆ. ಅಜ್ಜಿ ಮರುಮದುವೆಯಾಗಿಲ್ಲವಾದ್ದರಿಂದ, ಜಾರ್ಜಿಯಾ ರಾಜ್ಯ 1890ರ ದಶಕದಿಂದ ಕಾನ್ಫೆಡರೇಟ್ (ಯುದ್ಧದಲ್ಲಿ ದಕ್ಷಿಣದ ಪಕ್ಷದ) ಸೈನಿಕರ ವಿಧವೆಯರಿಗೆ ಕೊಟ್ಟ ಪಿಂಚಣಿಯ ಅರ್ಜಿ ಹಾಕಿರಬಹುದು. ಇದು ರಾಜ್ಯದ ಪಿಂಚಣಿ, ವಾಷಿಂಗ್ಟನ್ನಿನಲ್ಲಿ ಹುಡುಕಬೇಡಿ. ಮಾರೋ ಊರಿನಲ್ಲಿರುವ ಜಾರ್ಜಿಯಾ ಪತ್ರಾಗಾರದ್ದು. ಮದುವೆ ಯಾವಾಗ, ಎಲ್ಲಿ ಆಯಿತು, ಗಂಡ ಎಲ್ಲಿ ಸತ್ತ ಎಂದು ಅವಳೇ ಪ್ರಮಾಣ ಮಾಡಿ ಹೇಳಿರುತ್ತಾಳೆ. ಪಿಂಚಣಿ ನಿಂತ ವರ್ಷ ಸಿಕ್ಕರೆ ಸೀಸದ ಕಡ್ಡಿಯವರು ಬಿಟ್ಟ ವರ್ಷವೂ ಸಿಗುತ್ತದೆ.

ಇನ್ನೊಬ್ಬಳಿಗೆ ಫ್ರೀಡ್‌ಮನ್ಸ್ ಉಳಿತಾಯ ಬ್ಯಾಂಕು. ಬಿಡುಗಡೆಯಾದವರಿಗೆಂದು ಅದು 1865ರಲ್ಲಿ ಶುರುವಾಗಿ 1874ರಲ್ಲಿ ಮುಳುಗಿತು, ಬಡವರ ಎಷ್ಟೋ ಹಣವೂ ಅದರೊಂದಿಗೇ ಹೋಯಿತು. ಆದರೆ ಖಾತೆ ತೆರೆದವರ ಪುಸ್ತಕಗಳು ಉಳಿದಿವೆ, ಆಗಸ್ಟಾ ಶಾಖೆಯದೂ ಇದೆ. ಹುಟ್ಟಿದ ಊರು, ಬೆಳೆದ ಊರು, ಗಂಡ, ಮಕ್ಕಳು, ತಂದೆ, ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರನ್ನೂ ಕೇಳಿ ಬರೆದಿದ್ದಾರೆ.

ಚಾರ್ಲಟ್ ಕನ್ನಡತಿ

ಸೂಚಿಯನ್ನು ನಂಬದೆ ಆಗಸ್ಟಾದ ಪುಸ್ತಕವನ್ನು ಪುಟ ಪುಟವಾಗಿ ತಿರುಗಿಸಿ. ಅವಳ ಹೆಸರಿನಲ್ಲಿ ಖಾತೆ ಇಲ್ಲದಿದ್ದರೆ ಗಂಡನ, ಮಗನ ಅಥವಾ ತಾಯಿಯೊಂದಿಗೆ ಬೇರೆಯವರ ಪಾಲಿಗೆ ಹೋದ ಆ ಎಳೆಗೂಸಿನ ಹೆಸರಿನಲ್ಲಿ ಇರಬಹುದು; ಅಕ್ಕ ಎಂಬ ಅಂಕಣದಲ್ಲಿ ಇವಳು ಬಂದಿರಬಹುದು. ಬೇಕಾದರೆ ಅರ್ಧ ಪುಟಗಳನ್ನು ನಾನು ಓದಿಕೊಡುತ್ತೇನೆ.

ಆಗಸ್ಟಾದ ಸೊಸೆ

ಖಂಡಿತ ಬೇಕು. ಮೊದಲರ್ಧ ನನ್ನದು, ಉಳಿದರ್ಧ ನಿಮ್ಮದು. ಶನಿವಾರ ಬೆಳಿಗ್ಗೆ ಶುರು ಮಾಡುತ್ತೇನೆ.

ಮಂಡ್ಯದ ಮೇಷ್ಟ್ರು

ಓದಲು ಇನ್ನೂ ಒಬ್ಬರು ಬೇಕಿದ್ದರೆ ನಾನಿದ್ದೇನೆ. ಆ "ಎಫ್"ನಂತಿರುವ "ಎಸ್" ಹೇಗಿರುತ್ತದೆಂದು ರಾಯರು ಒಂದು ಚಿತ್ರ ಹಾಕಿದರೆ ಸಾಕು.